ಹದಿಮೂರು ಪರಮಾಣುಗಳ ಪಾಠವೂ ನಮಗೆ ಬೇಕು

ಸಂಡೂರು ತಾಲ್ಲೂಕಿನವರಾದ ನಮಗೆ ಲೋಹವೆಂದರೆ ಲಾರಿಗಟ್ಟಲೆ ಅದಿರು, ಕೆಂಪು ಧೂಳು. ಹತ್ತಿಪ್ಪತ್ತು ಪರಮಾಣುಗಳಷ್ಟೇ ಲೋಹ ಇದ್ದರೆ ಹೇಗಿರುತ್ತದೆ? ದೊಡ್ಡ ಗಟ್ಟಿಯ ಚಿಕ್ಕ ಚೂರು ಅಷ್ಟೇ ಎಂದುಕೊಳ್ಳುತ್ತೇವೆ. ಹಾಗಲ್ಲ, ಆಕಾರವೇ ಬೇರೆಯಾಗುತ್ತದೆ.

ಒಂದು ಗೋಲಿಯ ಸುತ್ತ ಅದೇ ಅಳತೆಯ 12 ಗೋಲಿ ಕೂರುತ್ತವೆ, ಒಟ್ಟು 13. ಅದರ ಮೇಲಿನ ಪದರಕ್ಕೆ 42 ಬೇಕು, ಒಟ್ಟು 55. ಮತ್ತೊಂದು ಪದರಕ್ಕೆ 92, ಒಟ್ಟು 147. ಹಲವು ಲೋಹಗಳ ಪರಮಾಣು ಗೊಂಚಲುಗಳು ಈ ಸಂಖ್ಯೆಗಳಲ್ಲಿ ಹೆಚ್ಚು ಸ್ಥಿರ. ಇವನ್ನು ಮಾಂತ್ರಿಕ ಸಂಖ್ಯೆ ಎನ್ನುತ್ತಾರೆ. 13ರಲ್ಲಿ 12 ಪರಮಾಣು ಹೊರಮೈಯಲ್ಲೇ ಇರುತ್ತವೆ. ಹೊರಗಿನವಕ್ಕೆ ನೆರೆಹೊರೆ ಕಡಿಮೆ, ಹಾಗಾಗಿ ಗೊಂಚಲು ಆದಷ್ಟು ದುಂಡಗಾಗಲು ನೋಡುತ್ತದೆ.

ಚಿನ್ನ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಸುಮಾರು ಹನ್ನೆರಡು ಪರಮಾಣುಗಳವರೆಗೆ ಅದು ರೊಟ್ಟಿಯ ಹಾಗೆ ಚಪ್ಪಟೆ. ಬೆಳ್ಳಿ, ತಾಮ್ರ ಅದಕ್ಕಿಂತ ಬೇಗ ಮೈ ತುಂಬಿಕೊಳ್ಳುತ್ತವೆ. 20 ಪರಮಾಣು ಆದಾಗ ಚಿನ್ನ ನಾಲ್ಕು ಮುಖದ ಗೋಪುರವಾಗುತ್ತದೆ ಎಂದು 2003ರಲ್ಲಿ ತಿಳಿಯಿತು. ಸಂತೆಯಲ್ಲಿ ಮೋಸಂಬಿ ಪೇರಿಸಿದಂತೆ 1, 3, 6, 10. ವಿಚಿತ್ರವೆಂದರೆ ಆ ಇಪ್ಪತ್ತರಲ್ಲಿ ಒಂದೂ ಒಳಗಡೆ ಇಲ್ಲ!

ಇದರಿಂದ ಏನುಪಯೋಗ? ಒಡವೆಯ ಚಿನ್ನ ಯಾವುದರ ಜೊತೆಗೂ ಸುಲಭವಾಗಿ ವರ್ತಿಸುವುದಿಲ್ಲ. ಆದರೆ ಆಕ್ಸೈಡಿನ ಮೇಲೆ ಕೂರಿಸಿದ ಚಿನ್ನದ ಅತಿ ಸಣ್ಣ ಕಣಗಳು ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ಉರಿಸುವ ವೇಗವರ್ಧಕಗಳು. ಅಲ್ಲಿ ಆಕಾರವೂ ಮುಖ್ಯ. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದ ಶೋಭನಾ ನರಸಿಂಹನ್ ಮತ್ತು ಸಂಗಡಿಗರು 2011ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ: ಕೆಳಗಿನ ಮೆಗ್ನೀಸಿಯಂ ಆಕ್ಸೈಡಿಗೆ ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದರೆ ಮೇಲಿನ ಚಿನ್ನದ ಗೊಂಚಲು ಚಪ್ಪಟೆಯಾಗಲು ಒಲಿಯುತ್ತದೆ.

ಪರಮಾಣುಗಳನ್ನು ಪೇರಿಸುವ ಲೆಕ್ಕ ಮೊದಲು ದ್ವಿತೀಯ ಪಿಯುಸಿ ಪುಸ್ತಕದ ಘನಸ್ಥಿತಿ ಅಧ್ಯಾಯದಲ್ಲಿತ್ತು. ವೇಗವರ್ಧಕಗಳು ಮೇಲ್ಮೈ ರಸಾಯನದಲ್ಲಿದ್ದವು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿದಾಗ ಎರಡೂ ಹೋದವು. ಅದಿರಿನಿಂದ ಲೋಹ ತೆಗೆಯುವ ಅಧ್ಯಾಯವೂ ಹೋಯಿತು. ಹೊರೆ ಇಳಿಯಿತೆಂದು ನಮ್ಮಲ್ಲಿ ಹಲವರಿಗೆ ಖುಷಿ. ಪರೀಕ್ಷೆಯ ದೃಷ್ಟಿಯಿಂದ ಸರಿ. ಆದರೆ ಅದಿರಿನ ಊರಿನ ಮಕ್ಕಳೇ ಇದನ್ನು ಓದದೆ ಪಾಸಾಗುವುದು ನನಗೆ ಸರಿ ಕಾಣುವುದಿಲ್ಲ.

ಪುಸ್ತಕ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಶನಿವಾರದ ಕೊನೆಯ ಪೀರಿಯಡ್ ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ಕೊಡಿ ಎಂದು ಉಪನ್ಯಾಸಕರನ್ನು ಕೇಳಬಹುದು. ಬೇಕಾದ್ದು ಗೋಲಿ, ಅಂಟು ಅಷ್ಟೇ. ಮೊದಲು 20ರ ಗೋಪುರ ಮಾಡೋಣ. 55ಕ್ಕೆ ಅಂಟು ಜಾಸ್ತಿ ಬೇಕಾಗುತ್ತದೆ.