ಬರಿಗೈಯ ಬಲ

ಮನುಷ್ಯನ ಕೈ ಬಹು ವಿಚಿತ್ರವಾದ ಸಾಧನ. ಬೆರಳುಗಳನ್ನು ಬಿಡಿಸಿದರೆ ಅದು ಕೊಡುವ ಕೈ, ಬರೆಯುವ ಕೈ, ಬಿದ್ದವರನ್ನು ಎತ್ತುವ ಕೈ. ಅವೇ ಬೆರಳುಗಳನ್ನು ಮಡಿಸಿದರೆ ಅದು ಹೊಡೆಯುವ ಮುಷ್ಟಿ. ಬರೆಯುವ ಕೈಯನ್ನು ತಿದ್ದಲು ನಾವು ವರ್ಷಗಟ್ಟಲೆ ಶ್ರಮಿಸುತ್ತೇವೆ. ಆದರೆ ಮುಷ್ಟಿಯನ್ನು ತಿದ್ದುವ ಮಾತು ಬಂದೊಡನೆ, "ಓದುವ ಮಕ್ಕಳಿಗೆ ಹೊಡೆದಾಟದ ಪಾಠವೇ?" ಎಂದು ಅನೇಕ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಹೊಡೆಯಲು ಕಲಿತ ಮಗು ಜಗಳಗಂಟಿಯಾದೀತೆಂಬುದು ಅವರ ಅಂಜಿಕೆ. ಮೂರು ದಶಕಗಳಿಗೂ ಮೀರಿ ಮಕ್ಕಳ ನಡುವೆ ಕಳೆದ ನನಗೆ ಈ ಅಂಜಿಕೆ ಸಾಧುವೆನಿಸುವುದಿಲ್ಲ. ಒಳ್ಳೆಯ ಗುರುವಿನ ಬಳಿ ಕ್ರಮವಾಗಿ ಹೊಡೆಯಲು ಕಲಿತವರು ಹೊಡೆಯದೆ ಇರುವುದನ್ನೂ ಕಲಿತಿರುತ್ತಾರೆ. ಆದುದರಿಂದ ಆತ್ಮರಕ್ಷಣೆಯ ವಿದ್ಯೆ ಶಾಲೆಯ ಅಂಗಳಕ್ಕೆ ಬರಬೇಕು; ಗಂಡು ಹೆಣ್ಣೆಂಬ ಭೇದವಿಲ್ಲದೆ ಬರಬೇಕು.

ಈಗ ನಮ್ಮ ಊರುಗಳಲ್ಲಿಯೂ ಮನೆಮಾತಾಗಿರುವ ಕರಾಟೆಯ ಚರಿತ್ರೆಯನ್ನೇ ನೋಡೋಣ. ಜಪಾನಿನ ದಕ್ಷಿಣಕ್ಕಿರುವ ಒಕಿನಾವ ದ್ವೀಪ ಇದರ ತವರು. ದ್ವೀಪದ ಹಳೆಯ ಕಲೆಯೊಡನೆ ಚೀನದ ಮುಷ್ಟಿವಿದ್ಯೆ ಬೆರೆತು ಇದು ರೂಪುಗೊಂಡಿತು. ಬಹುಕಾಲ ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ಸಾಗಿ ಬಂದ ಈ ವಿದ್ಯೆಯನ್ನು 1901ರ ಸುಮಾರಿಗೆ ಶಾಲೆಯ ವ್ಯಾಯಾಮವನ್ನಾಗಿ ಮಾಡಿದವರು ಅಂಕೊ ಇತೊಸು ಎಂಬ ಗುರುಗಳು. ಅವರು ಎಳೆಯರಿಗೆ ತಕ್ಕ ಸರಳವಾದ ಐದು ವರಸೆಗಳನ್ನು ರಚಿಸಿದರು. ಅವರ ಶಿಷ್ಯರಾದ ಗಿಚಿನ್ ಫುನಾಕೊಶಿ 1868ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಬಹಳ ದುರ್ಬಲರಾಗಿದ್ದವರು. ವೃತ್ತಿಯಿಂದ ಶಾಲಾ ಶಿಕ್ಷಕರು. 1922ರಲ್ಲಿ ಟೋಕಿಯೊ ನಗರದಲ್ಲಿ ಈ ಕಲೆಯನ್ನು ಪ್ರದರ್ಶಿಸಿ, ಅಲ್ಲಿಯೇ ನೆಲೆಸಿ, ಅದನ್ನು ಜಪಾನಿನಲ್ಲೆಲ್ಲ ಹರಡಿದರು. 'ಕರಾಟೆ' ಎಂಬುದಕ್ಕೆ ಇಂದು 'ಬರಿಗೈ' ಎಂದರ್ಥ. ಅದನ್ನು ಕಲಿಯುವ 'ಡೋಜೊ' ಎಂದರೆ ಮಾರ್ಗವನ್ನು ಅಭ್ಯಾಸ ಮಾಡುವ ಸ್ಥಳ. ಕರಾಟೆ ಬಲ್ಲವನು ಮೊದಲ ಏಟಿಗೆ ಕೈಯೆತ್ತಬಾರದೆಂಬುದು ಫುನಾಕೊಶಿಯವರ ಮುಖ್ಯ ಬೋಧೆ. ಈ ವಿದ್ಯೆಯನ್ನು ಶಾಲೆಗೂ ಲೋಕಕ್ಕೂ ತಂದವರು ಜಗಳಗಂಟರಲ್ಲ, ಮಕ್ಕಳಿಗೆ ಪಾಠ ಹೇಳಿದವರು ಎಂಬುದನ್ನು ನಾವು ಮರೆಯಬಾರದು.

ಕಲಿಕೆಯ ಮೊದಲ ದಿನವೇ ಶಿಷ್ಯನಿಗೆ ತಿಳಿಯುವ ಸಂಗತಿಯೆಂದರೆ, ತನಗೆ ಮುಷ್ಟಿ ಕಟ್ಟಲೂ ಬಾರದು ಎಂಬುದು! ನಾಲ್ಕು ಬೆರಳುಗಳನ್ನು ಬಿಗಿಯಾಗಿ ಸುತ್ತಬೇಕು. ಹೆಬ್ಬೆರಳು ಅವುಗಳ ಹೊರಗೆ, ಮೇಲೆ ಒತ್ತಿರಬೇಕು. ಒಳಗೆ ಸಿಕ್ಕಿಕೊಂಡರೆ ಹೊಡೆದವನ ಹೆಬ್ಬೆರಳೇ ಮುರಿದೀತು. ತೋರುಬೆರಳು ಮತ್ತು ನಡುಬೆರಳುಗಳ ಬುಡದ ಗೆಣ್ಣುಗಳು ಮಾತ್ರ ಗುರಿಯನ್ನು ಮುಟ್ಟಬೇಕು, ಮಣಿಕಟ್ಟು ಬಾಗಬಾರದು. ಹೊಡೆತದ ಬಲ ತೋಳಿನಲ್ಲಿ ಹುಟ್ಟುವುದಿಲ್ಲ. ಅದು ನೆಲವನ್ನು ಒತ್ತಿದ ಪಾದದಿಂದ ಹೊರಟು, ಸೊಂಟದ ತಿರುವಿನಲ್ಲಿ ಬೆಳೆದು, ಹೆಗಲನ್ನು ದಾಟಿ ಮುಷ್ಟಿಗೆ ಬರುತ್ತದೆ. ಕಾಲೆತ್ತಿ ಒದೆಯುವುದಕ್ಕೂ ನೆಲದ ಮೇಲೆ ಉಳಿದ ಇನ್ನೊಂದು ಕಾಲಿನ ಸ್ಥಿರತೆಯೇ ಆಧಾರ. ಆದುದರಿಂದ ಗುರುವು ಹೊಡೆಯುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸುತ್ತಾನೆ. ನೆಟ್ಟಗೆ ನಿಲ್ಲಲು ಕಲಿತವನ ನಡೆಯೇ ಬೇರೆ. ಅವನ ನೋಟವೇ ಬೇರೆ.

ಇದಕ್ಕಿಂತ ದೊಡ್ಡ ಪಾಠ ಮುಂದಿದೆ. ಇಬ್ಬರು ಎದುರುಬದುರಾಗಿ ನಿಂತು ಅಭ್ಯಾಸ ಮಾಡುವಾಗ, ವೇಗವಾಗಿ ಬಂದ ಮುಷ್ಟಿ ಎದುರಾಳಿಯ ಮುಖದಿಂದ ಒಂದು ಅಂಗುಲದಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಸಾಂಪ್ರದಾಯಿಕ ಕರಾಟೆಯ ನಿಯಮ. ಹೊಡೆಯುವುದು ಸುಲಭ, ಪೂರ್ಣ ವೇಗದ ಕೈಯನ್ನು ಅಲ್ಲಿ ತಡೆಯುವುದು ಕಷ್ಟ. ಇದು ಸಾವಿರಾರು ಬಾರಿ ಮಾಡಿದರಷ್ಟೇ ಸಿದ್ಧಿಸುವ ವಿದ್ಯೆ. ನಮ್ಮ ನಾಡಿನ ಸಂಪ್ರದಾಯವೂ ಇದನ್ನು ಅರಿಯದುದಲ್ಲ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ಎಷ್ಟು ಉಗ್ರವಾದುದಾದರೂ, ಒಬ್ಬನ ತಲೆಯಲ್ಲಿ ರಕ್ತದ ಹನಿ ಕಂಡೊಡನೆ ಮುಗಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿದಾಗಲೇ ಬಲವು ವಿದ್ಯೆಯಾಗುತ್ತದೆ. ತಿಳಿಯದಿದ್ದರೆ ಅದು ಮಂಗನ ಕೈಗೆ ಕೊಟ್ಟ ಕೊಳ್ಳಿ.

ಹಾಗಾದರೆ ಈ ವಿದ್ಯೆಯ ಪ್ರಯೋಜನವೇನು? ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಗಾಗಿ ದೂರದ ಊರಿಗೆ ನಡೆದು ಹೋಗಬೇಕು. ದಾರಿಯಲ್ಲಿ ಯಾರೋ ಪುಂಡರು ಕಾಡಿದರೆಂದು ಓದನ್ನೇ ಬಿಡಿಸಿದ ತಂದೆತಾಯಿಗಳನ್ನು ನಾನು ಬಲ್ಲೆ. ತಪ್ಪು ಮಾಡಿದವನು ಬೀದಿಯಲ್ಲಿ ತಿರುಗುತ್ತಾನೆ. ಶಿಕ್ಷೆ ಅನುಭವಿಸುವವಳು ಮನೆಯೊಳಗೆ ಕೂರುತ್ತಾಳೆ. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ? ಆತ್ಮರಕ್ಷಣೆಯನ್ನು ಕಲಿತ ಬಾಲಕಿ ಅಪಾಯವನ್ನು ದೂರದಿಂದಲೇ ಗುರುತಿಸುತ್ತಾಳೆ. ದನಿಯೆತ್ತಿ ಗದರಿಸುತ್ತಾಳೆ. ಯಾರಾದರೂ ಮಣಿಕಟ್ಟನ್ನು ಹಿಡಿದರೆ, ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಬಿಡಿಸಿಕೊಳ್ಳುತ್ತಾಳೆ. ಏಕೆಂದರೆ ಹಿಡಿತ ಸಡಿಲವಾಗಿರುವುದು ಅಲ್ಲಿಯೇ. ಅನಿವಾರ್ಯವಾದರೆ ಒಂದೇಟು ಹೊಡೆದು ಜನರಿರುವೆಡೆಗೆ ಓಡುತ್ತಾಳೆ. ಓಡುವುದು ಹೇಡಿತನವಲ್ಲ, ಸುರಕ್ಷಿತವಾಗಿ ಮನೆ ಸೇರುವುದೇ ಇಲ್ಲಿ ಗೆಲುವು. ನೆರವಿಗೆ 112ಕ್ಕೂ ಮಕ್ಕಳ ಸಹಾಯವಾಣಿಯಾದ 1098ಕ್ಕೂ ಕರೆ ಮಾಡುವುದು ಈ ವಿದ್ಯೆಯ ಅಂಗವೇ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ತನ್ನ ದೇಹವನ್ನೂ ಪರರ ದೇಹವನ್ನೂ ಆಕ್ರಮಣದಿಂದ ಕಾಪಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಅದು ಒಪ್ಪುವುದಿಲ್ಲ. ಮುಷ್ಟಿಗೆ ಗುರು ಕಲಿಸುವ ಎಲ್ಲೆಯೂ ಹಕ್ಕಿಗೆ ಶಾಸನ ವಿಧಿಸುವ ಎಲ್ಲೆಯೂ ಒಂದೇ ಆಗಿವೆ.

ಸಮಗ್ರ ಶಿಕ್ಷಣ ಯೋಜನೆಯಡಿ 6ರಿಂದ 12ನೆಯ ತರಗತಿಯವರೆಗಿನ ಬಾಲಕಿಯರಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯ ವ್ಯವಸ್ಥೆಯಿದೆ. ಇದು ಸ್ವಾಗತಾರ್ಹ, ಆದರೆ ಸಾಲದು. ಮೂರು ತಿಂಗಳಲ್ಲಿ ವರಸೆ ಬಾಯಿಪಾಠವಾದೀತೇ ಹೊರತು ಮೈಗೂಡದು. ಅಲ್ಲದೆ ಬಾಲಕಿಯರಿಗಷ್ಟೇ ಕಲಿಸಿದರೆ, ಕಾಪಾಡಿಕೊಳ್ಳುವ ಹೊಣೆಯೆಲ್ಲ ಅವರದೇ ಎಂದಂತಾಗುತ್ತದೆ. ಬಾಲಕರೂ ಅದೇ ಅಂಗಳದಲ್ಲಿ ನಿಲ್ಲಲಿ. ಸಹಪಾಠಿಗೆ ತಲೆಬಾಗಿ ವಂದಿಸಲಿ. ತಮ್ಮ ಕೈಯನ್ನು ತಡೆಯುವ ಅಭ್ಯಾಸ ಮಾಡಲಿ. ತನ್ನ ಬಲದ ತೂಕವನ್ನು ಅರಿತ ಹುಡುಗ ಅದನ್ನು ದುರ್ಬಲರ ಮೇಲೆ ಹೇರಲು ನಾಚುತ್ತಾನೆ. ಹಾಗಿದ್ದರೂ ಬೀದಿಯನ್ನು ನಿರ್ಭಯವಾಗಿಡುವುದು ಸಮಾಜದ ಮತ್ತು ಸರಕಾರದ ಕರ್ತವ್ಯವೇ. ಮಕ್ಕಳು ಮುಷ್ಟಿ ಕಟ್ಟಲು ಕಲಿತರೆಂದು ಹಿರಿಯರು ಕೈಕಟ್ಟಿ ಕೂರುವಂತಿಲ್ಲ.

ಕಲಿಯ ಹೊರಟವರಿಗೆ ಒಂದೆರಡು ಎಚ್ಚರಿಕೆಯ ಮಾತು. ಚಲನಚಿತ್ರದಲ್ಲಿ ನಾಯಕನೊಬ್ಬನೇ ಹತ್ತು ಜನರನ್ನು ಉರುಳಿಸುವುದನ್ನು ನಂಬಬೇಡಿ. ಆಯುಧವಿದ್ದವನ ಎದುರಿಗೆ ಶೌರ್ಯ ತೋರಬೇಡಿ. ಹೆಂಚು ಒಡೆಯುವುದೂ ಬೇಗಬೇಗ ಬೆಲ್ಟಿನ ಬಣ್ಣ ಬದಲಾಯಿಸುವುದೂ ವಿದ್ಯೆಯಲ್ಲ. ತಾಳ್ಮೆಯಿಂದ ತಿದ್ದುವ, ಪೆಟ್ಟಾಗದಂತೆ ನೋಡಿಕೊಳ್ಳುವ, ತಂದೆತಾಯಿಗಳು ಬಂದು ನೋಡಲು ಬಾಗಿಲು ತೆರೆದಿಡುವ ಗುರುವನ್ನು ಆರಿಸಿಕೊಳ್ಳಿ.

ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಮಾತು ಬಲ್ಲವನ ಬಾಯಿ ಹೇಗೆ ಹಿಡಿತದಲ್ಲಿರುವುದೋ, ಮುಷ್ಟಿ ಬಲ್ಲವನ ಕೈಯೂ ಹಾಗೆಯೇ ಹಿಡಿತದಲ್ಲಿರುತ್ತದೆ. ಅಂಜುವವನ ಮೌನಕ್ಕೂ ಬಲ್ಲವನ ಸಂಯಮಕ್ಕೂ ಬಹಳ ಅಂತರವಿದೆ. ಮೊದಲನೆಯದು ಅನ್ಯಾಯಕ್ಕೆ ದಾರಿ ಬಿಡುತ್ತದೆ. ಎರಡನೆಯದು ಅದನ್ನು ತಡೆದು ನಿಲ್ಲಿಸುತ್ತದೆ. ನಮ್ಮ ಮಕ್ಕಳಿಗೆ ಬೇಕಾದುದು ಆ ಎರಡನೆಯದು.