ದೂರು ಸೊನ್ನೆ ಅಂದ್ರೆ ಖುಷಿ ಪಡಬೇಕಾ?

ಷೇರು ಪೇಟೆಯಲ್ಲಿರುವ ದೇಶದ ಮೊದಲ 1000 ಕಂಪನಿಗಳು ವರ್ಷಕ್ಕೊಮ್ಮೆ ಸುಸ್ಥಿರತೆಯ ವರದಿ ಕೊಡಬೇಕು. ಬಿಆರ್‌ಎಸ್‌ಆರ್ ಅಂತಾರೆ. ಸೆಬಿ ಇದನ್ನು 2022–23ರಿಂದ ಕಡ್ಡಾಯ ಮಾಡಿದೆ. ಹೊಗೆ, ನೀರು, ಕಸದ ಜೊತೆ ಹೆಂಗಸರ ಲೆಕ್ಕವೂ ಅದರಲ್ಲಿರುತ್ತೆ: ಎಷ್ಟು ಜನ, ಸಂಬಳವೆಷ್ಟು, ಲೈಂಗಿಕ ಕಿರುಕುಳದ ದೂರು ಎಷ್ಟು.

ನಮ್ಮ ತಕರಾರು, ಅದರಲ್ಲಿ ಯಾರು ಸಿಗಲ್ಲ ಅನ್ನೋದು.

ಮದ್ದೂರು, ಶ್ರೀರಂಗಪಟ್ಟಣದ ಕಡೆ ಬೆಳಗ್ಗೆ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರನ್ನೇ ನೋಡಿ. ಅಂಗಿ ಮೇಲೆ ದೊಡ್ಡ ಬ್ರ್ಯಾಂಡಿನ ಹೆಸರು, ಹೊಲಿಯುವ ಫ್ಯಾಕ್ಟರಿ ಇನ್ಯಾರದ್ದೋ. ಆ ಫ್ಯಾಕ್ಟರಿ ಷೇರು ಪೇಟೆಯಲ್ಲಿ ಇಲ್ಲದಿದ್ದರೆ ವರದಿಯ ಗೊಡವೆಯೇ ಇಲ್ಲ. ಮಾಲು ಕೊಡುವವರ ಲೆಕ್ಕವನ್ನೂ ದೊಡ್ಡ ಕಂಪನಿಗಳು ಕೊಡಬೇಕು, ಕೊಡದಿದ್ದರೆ ಕಾರಣ ಹೇಳಬೇಕು ಅಂತ 2023ರಲ್ಲಿ ಸೆಬಿ ಹೇಳಿತ್ತು. 2025ರಲ್ಲಿ ಸಡಿಲಿಸಿ, ಇಷ್ಟವಿದ್ದರೆ ಕೊಡಿ ಅಂದಿತು. ಅದೂ ಮೊದಲ 250 ಕಂಪನಿಗಳಿಗೆ ಮಾತ್ರ.

ಲೆಕ್ಕಕ್ಕೆ ಸಿಕ್ಕವರ ಕಥೆಯೂ ಅಷ್ಟಕ್ಕಷ್ಟೇ. ಒಟ್ಟು ಸಂಬಳದಲ್ಲಿ ಹೆಂಗಸರಿಗೆ ಹೋಗಿದ್ದು ಶೇಕಡಾ ಎಷ್ಟು ಅಂತ ಇಡೀ ಕಂಪನಿಗೆ ಒಂದೇ ಅಂಕಿ. ಹೆಡ್ ಆಫೀಸಿನ ಮೇಡಂ ಸಂಬಳ, ಟೈಲರ್ ಸಂಬಳ ಎರಡೂ ಅದರಲ್ಲೇ ಕಲಸಿಹೋಗುತ್ತೆ. ನಮ್ಮ ತಾಲ್ಲೂಕಿನ ಫ್ಯಾಕ್ಟರಿಯಲ್ಲಿ ಏನಾಗ್ತಿದೆ ಅಂತ ಹುಡುಕಿದರೆ ಸಿಗಲ್ಲ.

ಇನ್ನು ದೂರಿನ ಕಲಂ. ನಾವು ಇಳಿಸಿಕೊಂಡು ನೋಡಿದ ಒಂದು ವರದಿಯಲ್ಲಿ ಸಾವಿರಾರು ಹೆಂಗಸರಿದ್ದರು, ದೂರು ಮಾತ್ರ ‘ನಿಲ್’. (ನಮ್ಮೂರ ಜಾತ್ರೆಯ ಮೂರು ದಿನಕ್ಕೂ ನಿಲ್ ಅಂತ ಬರೆಯೋ ಧೈರ್ಯ ನಮಗಿಲ್ಲ.) ದೂರು ಕೇಳುವ ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಕು ಅಂತ 2013ರ ಕಾಯ್ದೆಯಲ್ಲೇ ಇದೆ. ನಾವು ವ್ಯಾನ್ ಸ್ಟಾಪಿನಲ್ಲಿ ಮಾತಾಡಿಸಿದ ಹೆಂಗಸರಲ್ಲಿ ಒಬ್ಬರಿಗೂ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಗೊತ್ತಿರಲಿಲ್ಲ. ಯಾರಿಗೆ ಹೇಳಬೇಕು ಅಂತಲೇ ತಿಳಿಯದಿದ್ದರೆ ದೂರು ಎಲ್ಲಿಂದ ಬರಬೇಕು? ‘ಸೂಪರ್‌ವೈಸರ್‌ಗೇ ಹೇಳೋದು, ಅವನೇ ಬೈಯೋನು’ ಅಂದರು ಒಬ್ಬರು.

ಒಂದೊಂದು ಫ್ಯಾಕ್ಟರಿಯ ಲೆಕ್ಕ ಬೇರೆ ಬೇರೆ ಕೊಡೋದು ಕಷ್ಟ ಅಂತ ಕಂಪನಿಯವರು ಹೇಳಬಹುದು. ಗಂಟೆಗೆ ಎಷ್ಟು ಪೀಸ್ ಬಂತು ಅಂತ ಲೈನಿನ ಪಕ್ಕ ಬೋರ್ಡ್ ಮೇಲೆ ಬರೆಯುವವರಿಗೆ ಇದು ಕಷ್ಟವಾ?

ಆ ಬೋರ್ಡಿನ ಪಕ್ಕದಲ್ಲೇ ಕನ್ನಡದಲ್ಲಿ ಒಂದು ಹಾಳೆ ಅಂಟಿಸಲಿ. ಇಲ್ಲಿ ಟೈಲರ್‌ಗಳಲ್ಲಿ ಹೆಂಗಸರೆಷ್ಟು, ಸೂಪರ್‌ವೈಸರ್‌ಗಳಲ್ಲಿ ಎಷ್ಟು, ಇಬ್ಬರ ಸಂಬಳ ಎಷ್ಟು, ಸಮಿತಿಯಲ್ಲಿರುವವರ ಹೆಸರು, ಫೋನ್ ನಂಬರ್. ವರದಿಗೆ ಅಂಕಿ ಅಲ್ಲಿಂದಲೇ ಹೋಗಲಿ. ಮಾಲು ಕೊಡುವ ಫ್ಯಾಕ್ಟರಿಗಳ ಲೆಕ್ಕವನ್ನು ಸೆಬಿ ಕಡ್ಡಾಯ ಮಾಡಲಿ.

ನಿಮ್ಮ ಮನೆಯಿಂದ ಯಾರಾದರೂ ಗಾರ್ಮೆಂಟ್ಸ್‌ಗೆ ಹೋಗ್ತಿದ್ದರೆ ಇವತ್ತು ಸಂಜೆ ಕೇಳಿ, ಸಮಿತಿಯ ಬೋರ್ಡ್ ಎಲ್ಲಿದೆ ಅಂತ. ಏನಂದರು ಅಂತ ನಮಗೂ ತಿಳಿಸಿ, ಹೆಸರು ಹಾಕಲ್ಲ.