ಒಂದು ಮನೆ, ಎರಡು ಸಹಿ

“ಮಗಳಿಗೆ ಕೊಟ್ಟಿಗೆಹಾರದಲ್ಲಿ ಕೆಲಸ ಸಿಕ್ಕಿದೆ. ಜೊತೆಗೆ ಕೆಲಸ ಮಾಡುವ ಇನ್ನೊಬ್ಬ ಹುಡುಗಿಯೂ ಇವಳೂ ಸೇರಿ ಒಂದು ಬಾಡಿಗೆ ಮನೆ ನೋಡಿದ್ದಾರೆ. ಮನೆಯವರು ಕರಾರು ಪತ್ರ ಕೊಟ್ಟು ಸಹಿ ಹಾಕಿ ಎಂದಿದ್ದಾರೆ. ಮೂರು ಪುಟ ಇದೆ. ‘ಎಲ್ಲಾ ಕಡೆ ಇದೇ ಇರೋದು, ಹಾಕ್ಲಿ ಬಿಡೆ’ ಅಂತಾರೆ ನಮ್ಮ ಯಜಮಾನರು. ನನಗ್ಯಾಕೋ ಧೈರ್ಯ ಬರುತ್ತಿಲ್ಲ. ಏನೇನು ನೋಡಬೇಕು ಅಕ್ಕಾ?”

ಓದುಗ ಸೋದರಿಯೊಬ್ಬರು ಹೀಗೆ ಬರೆದು, ಕರಾರಿನ ಜೆರಾಕ್ಸ್ ಪ್ರತಿಯನ್ನೂ ಲಗತ್ತಿಸಿದ್ದಾರೆ. ಧೈರ್ಯ ಬಾರದೇ ಇದ್ದದ್ದು ಒಳ್ಳೆಯದೇ ಆಯಿತು. ನಾವು ಹೆಂಗಸರು ಒಂದು ಸೇರು ಅಕ್ಕಿ ಕೊಳ್ಳುವಾಗಲೂ ಅಂಗೈಯಲ್ಲಿ ಹಾಕಿ ಕಲ್ಲು, ನುಚ್ಚು ನೋಡುತ್ತೇವೆ. ಮೂವತ್ತು ಸಾವಿರ ಅಡ್ವಾನ್ಸ್ ಎಣಿಸಿ ಕೊಡುವ ಕಾಗದವನ್ನು ಮಾತ್ರ ಓದದೆ ಸಹಿ ಹಾಕುತ್ತೇವೆ.

ಕೊಟ್ಟಿಗೆಹಾರ ಗೊತ್ತಿಲ್ಲದವರು ಕಡಿಮೆ. ಧರ್ಮಸ್ಥಳದಿಂದ ಚಾರ್ಮಾಡಿ ಘಾಟಿ ಹತ್ತಿ ಬಂದವರು, ಹೊರನಾಡಿಗೆ ಹೊರಟವರು, ಎಲ್ಲರೂ ಅಲ್ಲಿ ಇಳಿದು ನೀರುದೋಸೆ ತಿಂದೇ ಮುಂದೆ ಹೋಗುವುದು. ಹಾದು ಹೋಗುವವರಿಗೆ ಅದು ದೋಸೆಯ ಊರು. ಅಲ್ಲೇ ಇರಬೇಕಾದವರಿಗೆ ಮಳೆಯ ಊರು. ಸಣ್ಣ ಊರಾದ್ದರಿಂದ ಬಾಡಿಗೆಗೆ ಸಿಗುವ ಮನೆಗಳೂ ಎಣಿಕೆಯವು. ಶಾಲೆ, ಬ್ಯಾಂಕು, ಆಸ್ಪತ್ರೆ ಎಂದು ಹೊರಗಿನಿಂದ ಬರುವ ಹೆಣ್ಣುಮಕ್ಕಳು ಇಬ್ಬರು ಮೂವರು ಸೇರಿ ಒಂದು ಮನೆ ಹಿಡಿಯುವುದು ಸಹಜ. ಖರ್ಚೂ ಅರ್ಧ, ರಾತ್ರಿ ಕರೆಂಟು ಹೋದಾಗ ಜೊತೆಗೊಂದು ದನಿಯೂ ಆಯಿತು. ಆದರೆ ಮನೆ ಹಂಚಿಕೊಂಡ ಹಾಗೆ ಕಾನೂನಿನ ಹೊಣೆಯೂ ಅರ್ಧರ್ಧ ಹಂಚಿಹೋಯಿತು ಎಂದುಕೊಳ್ಳುತ್ತಾರಲ್ಲ, ಅಲ್ಲೇ ಇರುವುದು ತೊಡಕು.

ಈ ಸೋದರಿ ಕಳಿಸಿದ ಪ್ರತಿಯಲ್ಲಿ ನಾನು ಮೊದಲು ನೋಡಿದ್ದು ಬಾಡಿಗೆಯನ್ನಲ್ಲ, ಹೆಸರನ್ನು. ಈಗೆಲ್ಲ ಇ-ಸ್ಟಾಂಪ್ ಕಾಗದ. ಅದರ ಮೇಲೇ ಮೊದಲನೇ ಪಕ್ಷ, ಎರಡನೇ ಪಕ್ಷ ಎಂದು ಹೆಸರು ಅಚ್ಚಾಗಿ ಬರುತ್ತದೆ. ಇಲ್ಲಿ ಎರಡನೇ ಪಕ್ಷದಲ್ಲಿರುವುದು ಜೊತೆಯ ಹುಡುಗಿಯ ಹೆಸರೊಂದೇ. ನಮ್ಮ ಸೋದರಿಯ ಮಗಳದು ಎಲ್ಲೂ ಇಲ್ಲ. ಸಹಿ ಮಾತ್ರ ಕೊನೆಯಲ್ಲಿ ‘ಸಾಕ್ಷಿ’ ಎಂಬ ಜಾಗದಲ್ಲಿ ಕೇಳಿದ್ದಾರೆ! ಅಡ್ವಾನ್ಸಿನಲ್ಲಿ ಹದಿನೈದು ಸಾವಿರ ಈ ಹುಡುಗಿಯದು. ಕಾಗದದ ಲೆಕ್ಕದಲ್ಲಿ ಅವಳು ಬರೀ ಸಾಕ್ಷಿ. ನಾಳೆ ಜೊತೆಯವಳು ಮನೆ ಬಿಟ್ಟು, ಅಷ್ಟೂ ಅಡ್ವಾನ್ಸ್ ವಾಪಸು ತೆಗೆದುಕೊಂಡು ಹೋದರೆ ‘ನನ್ನ ಪಾಲು ಕೊಡಿ’ ಎಂದು ಮಾಲೀಕರನ್ನು ಕೇಳಲು ಇವಳ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಇನ್ನೂ ಒಂದಿದೆ. ಎರಡನೇ ಪುಟದಲ್ಲಿ ‘ಬಾಡಿಗೆದಾರರು ಸದರಿ ಮನೆಯನ್ನು ಯಾರಿಗೂ ಒಳಬಾಡಿಗೆಗೆ ಕೊಡತಕ್ಕದ್ದಲ್ಲ’ ಎಂದಿದೆ. ಹೆಚ್ಚುಕಡಿಮೆ ಎಲ್ಲ ಕರಾರುಗಳಲ್ಲೂ ಇರುವ ಸಾಲು ಇದು, ತಪ್ಪೇನಿಲ್ಲ. ಆದರೆ ಒಬ್ಬಳದೇ ಹೆಸರಿರುವಾಗ, ಇನ್ನೊಬ್ಬಳು ಅರ್ಧ ಬಾಡಿಗೆ ಕೊಟ್ಟುಕೊಂಡು ಅಲ್ಲಿರುವುದನ್ನೇ ಒಳಬಾಡಿಗೆ ಎಂದು ತೋರಿಸಲು ಬರುತ್ತದೆ. ಇಂದು ಮಾಲೀಕರಿಗೆ ಎಲ್ಲ ಗೊತ್ತು, ‘ಇಬ್ಬರೂ ನಮ್ಮ ಮಕ್ಕಳ ಹಾಗೆ’ ಎನ್ನುತ್ತಾರೆ. ನಾಳೆ ಏನೋ ಮನಸ್ತಾಪ ಬಂದರೆ? ಅದಕ್ಕೇ ಇಬ್ಬರ ಹೆಸರೂ ಎರಡನೇ ಪಕ್ಷದಲ್ಲೇ ಇರಲಿ, ಇಬ್ಬರೂ ಬಾಡಿಗೆದಾರರೆಂದೇ ಸಹಿ ಹಾಕಲಿ. ಯಾರು ಎಷ್ಟು ಅಡ್ವಾನ್ಸ್ ಕೊಟ್ಟರು, ನಗದೋ ಬ್ಯಾಂಕಿನ ಮೂಲಕವೋ ಎಂಬುದೂ ಬರಲಿ.

ಈಗ ನಾಣ್ಯದ ಇನ್ನೊಂದು ಮುಖ ಹೇಳುತ್ತೇನೆ, ಇದನ್ನು ಮಗಳಿಗೆ ಎರಡು ಸಲ ಓದಿ ಹೇಳಿ. ಇಬ್ಬರೂ ಸಹಿ ಹಾಕಿದರೆ ಹಕ್ಕು ಬಂದ ಹಾಗೆ ಹೊಣೆಯೂ ಬಂತು, ಅದೂ ಪೂರ್ತಿ ಹೊಣೆ. 1872ರ ಭಾರತೀಯ ಕರಾರು ಕಾಯಿದೆಯ 43ನೇ ಕಲಂ ಪ್ರಕಾರ, ಇಬ್ಬರು ಜಂಟಿಯಾಗಿ ಮಾತು ಕೊಟ್ಟಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಕೊಡಬೇಕಾದ್ದಷ್ಟನ್ನೂ ಅವರಲ್ಲಿ ಯಾರೊಬ್ಬರಿಂದಲಾದರೂ ಕೇಳಬಹುದು. ಬಾಡಿಗೆ ಆರು ಸಾವಿರ ಎಂದಿಟ್ಟುಕೊಳ್ಳಿ. ಜೊತೆಯವಳಿಗೆ ಜೂನ್‌ನಲ್ಲಿ ವರ್ಗವಾಯಿತು, ಅಥವಾ ಮದುವೆ ಗೊತ್ತಾಯಿತು, ಹೊರಟುಹೋದಳು. ‘ನನ್ನದು ಮೂರು ಸಾವಿರ, ಅವಳದನ್ನು ಅವಳ ಹತ್ತಿರವೇ ಕೇಳಿ’ ಎಂದು ಮಾಲೀಕರಿಗೆ ಹೇಳಲಾಗುವುದಿಲ್ಲ. ಆರು ಸಾವಿರವನ್ನೂ ಇವಳೇ ಕೊಡಬೇಕು. ಆಮೇಲೆ ಅವಳ ಪಾಲು ಮೂರು ಸಾವಿರವನ್ನು ಅವಳಿಂದ ವಸೂಲಿ ಮಾಡುವ ಹಕ್ಕು ಇದೇ ಕಲಮಿನಲ್ಲಿದೆ, ನಿಜ. ಆದರೆ ಬೇರೆ ಊರಿಗೆ ಹೋದವಳ ಹಿಂದೆ ಮೂರು ಸಾವಿರಕ್ಕಾಗಿ ಅಲೆಯುವವರು ಯಾರು?

ಹಾಗಾದರೆ ಮಾಡುವುದೇನು? ಎರಡು ದಾರಿ. ಒಂದು, ‘ತಲಾ ಮೂರು ಸಾವಿರಕ್ಕೆ ಮಾತ್ರ ಆಯಾಯ ಬಾಡಿಗೆದಾರರು ಹೊಣೆ’ ಎಂದು ಕರಾರಿನಲ್ಲೇ ಬರೆಸುವುದು. ಒಪ್ಪುವ ಮಾಲೀಕರು ಕಡಿಮೆ, ಕೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು, ಹುಡುಗಿಯರು ತಮ್ಮ ತಮ್ಮಲ್ಲೇ ಒಂದು ಕಾಗದ ಬರೆದುಕೊಳ್ಳುವುದು. ನನಗೆ ಕೇಳಿದರೆ ಇದೇ ಮುಖ್ಯ. ‘ಅಯ್ಯೋ, ಗೆಳತಿಯರ ಮಧ್ಯೆ ಕಾಗದವೇ’ ಎಂದು ಮೂಗು ಮುರಿಯಬೇಡಿ. ಗೆಳೆತನ ಉಳಿಯಲಿ ಎಂದೇ ಅದು. ಬಿಳಿ ಹಾಳೆಯಲ್ಲಿ, ಕನ್ನಡದಲ್ಲಿ, ಒಂದು ಪುಟ ಸಾಕು. ಬಿಡುವವಳು ಎಷ್ಟು ದಿನ ಮುಂಚೆ ತಿಳಿಸಬೇಕು. ತಿಳಿಸದೆ ಹೋದರೆ ಒಂದು ತಿಂಗಳ ಪಾಲು ಅವಳ ಅಡ್ವಾನ್ಸಿನಲ್ಲಿ ಹಿಡಿಯಬಹುದೇ. ಬದಲಿಯವಳನ್ನು ಹುಡುಕುವುದು ಯಾರ ಕೆಲಸ, ಅವಳು ಇಬ್ಬರಿಗೂ ಒಪ್ಪಿಗೆಯಾಗಬೇಕೇ. ಬದಲಿ ಬಂದವಳು ಕೊಡುವ ಹದಿನೈದು ಸಾವಿರ ಹೋಗುವವಳ ಕೈಗೆ ಹೋಗುತ್ತದಲ್ಲ, ಆಗ ಮಾಲೀಕರಿಂದ ಕರಾರಿನ ಹಿಂಬದಿಯಲ್ಲಿ ಷರಾ ಬರೆಸಿ, ಎಲ್ಲರ ಸಹಿ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಹೊಸಬಳ ಗತಿ ಮೊದಲಿನ ‘ಸಾಕ್ಷಿ’ಯದೇ.

ಗ್ಯಾಸ್ ಸಿಲಿಂಡರು, ಮಿಕ್ಸಿ, ಮಂಚ ಯಾರದೆಂದು ಅದೇ ಹಾಳೆಯಲ್ಲಿ ಬರೆದುಬಿಡಿ. ಊಟದ ವಿಚಾರವೂ ಅಷ್ಟೆ. ಒಬ್ಬಳಿಗೆ ಮೀನಿಲ್ಲದೆ ಅನ್ನ ಇಳಿಯದು, ಇನ್ನೊಬ್ಬಳಿಗೆ ವಾಸನೆಯೇ ಆಗದು ಎಂದರೆ, ಅದು ಮನೆ ಹಿಡಿಯುವ ಮುಂಚೆ ಆಡಬೇಕಾದ ಮಾತು. ಈ ಪ್ರತಿಯ ಮೂರನೇ ಪುಟದಲ್ಲಿ ‘ಮಾಂಸಾಹಾರ ಕೂಡದು’ ಎಂಬ ಒಂದು ಸಾಲು ಯಾರ ಕಣ್ಣಿಗೂ ಬೀಳದ ಹಾಗೆ ಕುಳಿತಿದೆ. ಓದಿದ್ದೀರಾ?

ಅವಧಿ 11 ತಿಂಗಳು ಎಂದಿದೆ. ಹನ್ನೊಂದೇ ಯಾಕೆ ಎಂದು ಬಹಳ ಮಂದಿ ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ನೋಟರಿಯ ಮುದ್ರೆ ಬಿದ್ದರೆ ನೋಂದಣಿಯಾದಂತೆ ಎಂದು ತಿಳಿಯಬೇಡಿ, ಅದೇ ಬೇರೆ ಇದೇ ಬೇರೆ. ಬಾಡಿಗೆಯಿಲ್ಲದೆ ದೊಡ್ಡ ಗಂಟು ಕೊಟ್ಟು ಎರಡು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಿಡಿಯುವವರಂತೂ ನೋಂದಣಿಯಿಲ್ಲದೆ ಒಂದು ಪೈಸೆ ಕೊಡಬಾರದು.

ಮನೆ ಬಿಡುವ ನೋಟಿಸು ಈ ಪ್ರತಿಯಲ್ಲಿ ಮಾಲೀಕರ ಕಡೆಯಿಂದ ಒಂದು ತಿಂಗಳು, ಬಾಡಿಗೆದಾರರ ಕಡೆಯಿಂದ ಎರಡು ತಿಂಗಳು! ಎರಡೂ ಕಡೆ ಒಂದೇ ಇರಲಿ ಎಂದು ಕೇಳಿ. ಕರಾರಿನಲ್ಲಿ ಏನೂ ಬರೆಯದಿದ್ದಾಗ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟಿಸು ಸಾಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಂ ಇದೆ; ಆದರೆ ಬರೆದದ್ದು ಇದ್ದರೆ ಬರೆದದ್ದೇ ನಡೆಯುವುದು. ‘11 ತಿಂಗಳ ಒಳಗೆ ಬಿಟ್ಟರೆ ಮುಂಗಡ ವಾಪಸಿಲ್ಲ’ ಎಂಬ ಸಾಲಿಗೆ ‘ವರ್ಗಾವಣೆಯಾದ ಸಂದರ್ಭ ಹೊರತು’ ಎಂದು ಸೇರಿಸಲೇಬೇಕು. ಕೆಲಸದ ಹುಡುಗಿಯರಿಗೆ ವರ್ಗ ಯಾವಾಗ ಬರುತ್ತದೋ ಯಾರಿಗೆ ಗೊತ್ತು.

ಇನ್ನು ಮಳೆ. ಬಯಲುಸೀಮೆಯಲ್ಲಿ ಬರೆದ ಕರಾರನ್ನೇ ಮಲೆನಾಡಿನಲ್ಲೂ ನಕಲು ಮಾಡಿಬಿಡುತ್ತಾರೆ. ‘ಮನೆಯನ್ನು ಸುಸ್ಥಿತಿಯಲ್ಲಿ ವಾಪಸು ಒಪ್ಪಿಸತಕ್ಕದ್ದು’ ಎಂದು ಒಂದೇ ಸಾಲು. ಕೊಟ್ಟಿಗೆಹಾರದ ಆಷಾಢದಲ್ಲಿ ಗೋಡೆಗೆ ಬೂಷ್ಟು ಹಿಡಿಯದೆ, ಅಂಗಳಕ್ಕೆ ಪಾಚಿ ಕಟ್ಟದೆ, ಹೆಂಚಿನ ಸಂದಿಯಿಂದ ನಾಲ್ಕು ಹನಿ ಬೀಳದೆ ಇರುವ ಮನೆ ಯಾವುದಿದೆ? ಅದಕ್ಕೆಲ್ಲ ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಂಡರೆ ಕೈಗೆ ಏನು ಉಳಿದೀತು? ಅದೇ 1882ರ ಕಾಯಿದೆಯ 108ನೇ ಕಲಂ ಇಲ್ಲಿ ನಮ್ಮ ನೆರವಿಗಿದೆ. ಬೇರೆ ಷರತ್ತು ಬರೆದಿಲ್ಲದಿದ್ದರೆ, ವಾಸದಿಂದ ಸಹಜವಾಗಿ ಆಗುವ ಸವಕಳಿಗೂ, ತಡೆಯಲಾಗದ ಪ್ರಕೃತಿ ವಿಕೋಪಕ್ಕೂ ಬಾಡಿಗೆದಾರರು ಹೊಣೆಯಲ್ಲ. ಮಾಲೀಕರೇ ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ತಾವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಆದರೆ ‘ಮಾಲೀಕರೇ ಮಾಡಿಸಬೇಕಾದ್ದು’ ಯಾವುದೆಂದು ಕರಾರಿನಲ್ಲಿ ಬರೆದಿರಬೇಕಲ್ಲ! ‘ಮಾಡಿನ ಹೆಂಚು, ಸೋರಿಕೆ, ಗೋಡೆಯ ಬಿರುಕು, ನೀರಿನ ಪೈಪು ಮಾಲೀಕರ ಖರ್ಚು, ಬಲ್ಬು, ನಲ್ಲಿಯ ವಾಷರು ಬಾಡಿಗೆದಾರರದು’ ಎಂದು ಒಂದು ಸಾಲು ಹಾಕಿಸಿ. ಹೆಂಚು ಕೈಯಾಡಿಸುವುದು ಮಳೆಗಾಲಕ್ಕೆ ಮುಂಚೆಯೇ ಆಗಲಿ ಎಂಬುದನ್ನೂ ಸೇರಿಸಿ. ಜಡಿ ಹಿಡಿದ ಮೇಲೆ ಮಾಡು ಹತ್ತುವವರು ಸಿಗುವುದಿಲ್ಲ.

ಅದೇ ಕಲಮಿನಲ್ಲಿ ಇನ್ನೂ ದೊಡ್ಡ ಮಾತೊಂದಿದೆ. ಬೆಂಕಿ, ಬಿರುಗಾಳಿ, ನೆರೆ ಮುಂತಾದವುಗಳಿಂದ ಮನೆಯ ಮುಖ್ಯ ಭಾಗ ಪೂರ್ತಿ ಹಾಳಾಗಿ, ಇನ್ನೆಂದೂ ವಾಸಕ್ಕೆ ಬಾರದಂತಾದರೆ, ಬಾಡಿಗೆದಾರರು ಇಚ್ಛಿಸಿದಲ್ಲಿ ಕರಾರು ಅಲ್ಲಿಗೇ ರದ್ದು. ಮೂಡಿಗೆರೆ ತಾಲ್ಲೂಕಿನಲ್ಲಿ ಇದು ದೂರದ ಮಾತಲ್ಲ. 2019ರ ಆಗಸ್ಟ್ ಮಳೆಗೆ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆಗಳು ಹೋದವು, ಚಾರ್ಮಾಡಿ ರಸ್ತೆ ಕುಸಿಯಿತು. ಆ ವರ್ಷ ನೆರೆಯಲ್ಲಿ ಮನೆ ಕಳೆದುಕೊಂಡವರ ಬಾಡಿಗೆಗೆಂದು ಸರ್ಕಾರ ತಿಂಗಳಿಗೆ 5,000 ರೂಪಾಯಿ ಕೊಡುವುದಾಗಿ ಸಾರಿತ್ತು. ಅದುವರೆಗೆ ಸ್ವಂತ ಮನೆ, ಸ್ವಂತ ತೋಟ ಎಂದು ಬದುಕಿದ್ದ ಸಂಸಾರಗಳು ಒಂದೇ ರಾತ್ರಿಯಲ್ಲಿ ಬಾಡಿಗೆದಾರರಾದವು. ಹಾಗಾಗಿ ಕರಾರು ಪತ್ರ ಎಂದರೆ ಹೊರಗಿನಿಂದ ಬಂದವರ ತಲೆನೋವು ಎಂದು ಮಲೆನಾಡಿನವರು ಅಂದುಕೊಳ್ಳುವುದೂ ಬೇಡ. ಮನೆ ನೋಡಲು ಹೋದಾಗ ಹಿತ್ತಲ ಕಡೆಯ ಬರೆ ಎಷ್ಟು ಹತ್ತಿರ ಇದೆ ಎಂದು ಒಂದು ಸಲ ನೋಡಿ ಬನ್ನಿ.

ಈ ಮನೆ ಮಾಲೀಕರ ಮನೆಗೇ ತಾಗಿಕೊಂಡ ಭಾಗ, ಅಂಗಳ ಒಂದೇ. ಮಳೆಗಾಲದಲ್ಲಿ ಅದು ಯಾರಿಗೂ ಬೇಡ. ಆದರೆ ಹಣ್ಣು ಕೊಯ್ಲು ಶುರುವಾದ ಮೇಲೆ ಆ ಅಂಗಳವೇ ಕಾಫಿ ಒಣಗಿಸುವ ಕಣ. ಅಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಹಾಗಿಲ್ಲ, ಓಡಾಡಲೂ ಅಂಚಿನಲ್ಲಿ ಜಾಗ ಹುಡುಕಬೇಕು. ಬಚ್ಚಲ ಹಂಡೆಗೆ ಸೌದೆ ಯಾರದು, ಬಾವಿಯ ಮೋಟರು ಎಷ್ಟು ಹೊತ್ತಿಗೆ, ಸ್ಕೂಟರು ನಿಲ್ಲಿಸುವುದೆಲ್ಲಿ? ಚಿಲ್ಲರೆ ಮಾತುಗಳೇ. ಜಗಳ ಹುಟ್ಟುವುದು ಮಾತ್ರ ಯಾವಾಗಲೂ ಇಂಥವುಗಳಿಂದ.

ಕರೆಂಟಿನದು ಒಂದು ಮಾತು. ಪ್ರತ್ಯೇಕ ಮೀಟರು ಇದೆಯೋ, ಮಾಲೀಕರ ಮೀಟರಿನಿಂದಲೇ ತಂತಿ ಎಳೆದಿದ್ದಾರೋ ಕೇಳಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಹರೇ. ಆದರೆ ಆಧಾರ್ ಜೋಡಿಸುವುದು ಆ ಮೀಟರಿನ ಆರ್.ಆರ್. ನಂಬರಿಗೆ, ಒಬ್ಬರದು ಮಾತ್ರ. ಹಿಂದಿನ ಬಾಡಿಗೆದಾರರ ಹೆಸರು ಇನ್ನೂ ಅಂಟಿಕೊಂಡಿದ್ದರೆ ಬಿಡಿಸಬೇಕು. ಯಾರ ಆಧಾರ್ ಜೋಡಿಸಿದ್ದೀರೋ ಅವಳೇ ಮೊದಲು ಮನೆ ಬಿಟ್ಟರೆ, ಹೋಗುವ ಮುನ್ನ ಬಿಡಿಸಿ ಹೋಗಲಿ. ಮನೆ ಸೇರಿದ ದಿನವೇ ಮೀಟರಿನ ರೀಡಿಂಗನ್ನೂ, ಗೋಡೆ, ಮಾಡು, ನಲ್ಲಿಗಳ ಸ್ಥಿತಿಯನ್ನೂ ಫೋನಿನಲ್ಲಿ ಫೋಟೋ ಹಿಡಿದು ಮಾಲೀಕರಿಗೂ ಕಳಿಸಿಬಿಡಿ.

ಪತ್ರದ ಕೊನೆಯಲ್ಲಿ ಸೋದರಿ ಮತ್ತೊಂದು ಕೇಳಿದ್ದಾರೆ: “ಇದನ್ನೆಲ್ಲ ಕೇಳಿದರೆ ಮನೆಯೇ ಇಲ್ಲ ಅಂದುಬಿಟ್ಟರೆ?” ಹಾಗೂ ಆಗಬಹುದು, ಇಲ್ಲ ಎನ್ನಲಾರೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಹರವಬೇಡಿ. ಬಿಡಲೇಬಾರದ್ದು ಮೂರು: ಇಬ್ಬರ ಹೆಸರು, ಅಡ್ವಾನ್ಸಿನ ಪಾಲು, ಮಾಡಿನ ರಿಪೇರಿ. ಉಳಿದದ್ದು ಹೊಂದಾಣಿಕೆ. ತಾವೇ ಒಮ್ಮೆ ಮಗಳ ಜೊತೆ ಹೋಗಿ ಆ ಮನೆಯ ಅಮ್ಮನವರ ಹತ್ತಿರ ಕೂತು ಮಾತಾಡಿ. ‘ಮಕ್ಕಳು ಇಬ್ಬರದೂ ಹೆಸರಿದ್ದರೆ ಬಾಡಿಗೆಗೆ ನಿಮಗೂ ಇಬ್ಬರು ಜವಾಬ್ದಾರರು ಸಿಕ್ಕ ಹಾಗಾಯ್ತಲ್ಲಮ್ಮ’ ಎಂದರೆ ಬೇಡ ಎನ್ನುವವರು ಅಪರೂಪ. ಇ-ಸ್ಟಾಂಪ್ ಹೊಸದಾಗಿ ತೆಗೆಯುವ ಖರ್ಚನ್ನು ನಾವೇ ಕೊಡುತ್ತೇವೆ ಎಂದೂ ಹೇಳಿ. ಸಹಿಯಾದ ಮೇಲೆ ಜೆರಾಕ್ಸ್ ಎರಡು ತೆಗೆಸಿ, ಒಂದನ್ನು ನಿಮ್ಮ ಮನೆಯ ಬೀರುವಿನಲ್ಲೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಅಲ್ಲಿನ ಕಾಗದ ಅಲ್ಲೇ ಬೂಷ್ಟು ಹಿಡಿದೀತು.